ರುಬಿಯನ್ನು ಬೈಯುತ್ತಲೇ ನೋಡಿ ಮುಗಿಸಿದೆ

ಹೃತಿಕ್ ರೋಷನ್ ಜೊತೆ 'ಕೈಟ್ಸ್' ಸಿನಿಮಾದಲ್ಲಿ ಒಬ್ಬಳು ಇದ್ದಳಲ್ಲ, ಸ್ಪ್ಯಾನಿಷಿನಲ್ಲೇ ಮಾತಾಡಿಕೊಂಡು ಹೆಚ್ಚುಕಮ್ಮಿ ಇಡೀ ಸಿನಿಮಾ ಮುಗಿಸಿದವಳು? ಅವಳ ಹೆಸರು ಬಾರ್ಬರಾ ಮೋರಿ. 2010ರ ಮೇ ತಿಂಗಳಲ್ಲಿ ಆ ಸಿನಿಮಾ ಬಂದಾಗ ಮುಂಬೈಯಲ್ಲಿ ಎತ್ತ ನೋಡಿದರೂ ಅವರಿಬ್ಬರ ಪೋಸ್ಟರು. ಸಿನಿಮಾ ಮಾತ್ರ ಹೇಳಿಕೊಳ್ಳುವ ಹಾಗೆ ಓಡಲಿಲ್ಲ. ಅವಳು ಬಂದಷ್ಟೇ ಬೇಗ ವಾಪಸ್ ಹೋದಳು, ನಾವೂ ಮರೆತೆವು. ಅದಾಗಿ ಎಷ್ಟೋ ವರ್ಷದ ಮೇಲೆ, ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದ ನಮ್ಮ ಆಫೀಸಿನ ಗೆಳತಿಯೊಬ್ಬಳು ಊಟದ ಹೊತ್ತಲ್ಲಿ ಫೋನ್ ತೋರಿಸಿ, "ಭಾಷೆ ಕಲಿಯೋಕೆ ಅಂತ ಇದನ್ನು ಶುರು ಮಾಡಿದೆ ಕಣೇ, ಈಗ ಭಾಷೆ ಹಾಳಾಗಲಿ, ಇವಳು ಮುಂದೆ ಏನು ಮಾಡ್ತಾಳೆ ಅನ್ನೋದೇ ಚಿಂತೆಯಾಗಿದೆ" ಅಂದಳು. ನೋಡಿದರೆ ಅದೇ ಮುಖ.

ಧಾರಾವಾಹಿಯ ಹೆಸರು 'ರುಬಿ'. ಮೆಕ್ಸಿಕೋದ ಟೆಲೆವಿಸಾ ಕಂಪನಿಯದ್ದು. 2004ರ ಮೇ ತಿಂಗಳಲ್ಲಿ ಶುರುವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಮುಗಿಯಿತು. ಒಟ್ಟು 115 ಕಂತು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದು ಮುಗಿಯುತ್ತದೆ! ನಮ್ಮ ಕಡೆ ಒಂದು ಧಾರಾವಾಹಿ ಶುರುವಾದಾಗ ಹುಟ್ಟಿದ ಮಗು ಸ್ಕೂಲಿಗೆ ಹೋಗಿ ಎರಡನೇ ಕ್ಲಾಸ್ ಪಾಸಾದರೂ ಅದರ ನಾಯಕಿ ಇನ್ನೂ ಅದೇ ಅಡುಗೆಮನೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿರುತ್ತಾಳೆ. ಮಧ್ಯೆ ನಾಯಕಿಯ ಪಾತ್ರ ಮಾಡುವವಳೇ ಬದಲಾಗಿರುತ್ತಾಳೆ, ಸತ್ತವರು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ವಾಪಸ್ ಬಂದಿರುತ್ತಾರೆ. ಮೆಕ್ಸಿಕೋದವರು ಅದಕ್ಕೆಲ್ಲ ಹೋಗುವುದಿಲ್ಲ. ಸೋಮವಾರದಿಂದ ಶುಕ್ರವಾರ, ಕೆಲವು ತಿಂಗಳು, ಕಥೆ ಮುಗಿಯಿತು, ಮುಂದಿನದು ಬಾ. ಕೊನೆ ಇದೆ ಅಂತ ಬರೆಯುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದಕ್ಕೇ ಕಥೆ ಎಲ್ಲೂ ನಿಲ್ಲುವುದಿಲ್ಲ, ಓಡುತ್ತದೆ.

ಕಥೆ ಕೇಳಿ. ರುಬಿ ಬಡವರ ಮನೆ ಹುಡುಗಿ. ಅಪ್ಪ ಇಲ್ಲ. ಅಮ್ಮ ರೆಫುಹಿಯೊ, ಅಕ್ಕ ಕ್ರಿಸ್ಟಿನಾ. ಅಕ್ಕ ದುಡಿದು ಇವಳನ್ನು ಓದಿಸುತ್ತಾಳೆ, ಇವಳು ಸ್ಕಾಲರ್‌ಶಿಪ್ಪಿನಲ್ಲಿ ಶ್ರೀಮಂತರ ಮಕ್ಕಳು ಓದುವ ಯೂನಿವರ್ಸಿಟಿಗೆ ಹೋಗುತ್ತಾಳೆ. ಅಲ್ಲಿ ಮಾರಿಬೆಲ್ ಅನ್ನುವ ಗೆಳತಿ. ಭಾರಿ ದುಡ್ಡಿನ ಮನೆ, ಒಬ್ಬಳೇ ಮಗಳು, ಅಮ್ಮ ಇಲ್ಲ. ಚಿಕ್ಕವಳಿದ್ದಾಗ ಅಪಘಾತದಲ್ಲಿ ಕಾಲು ಹೋಗಿ ಕೃತಕ ಕಾಲು ಹಾಕಿಕೊಂಡಿರುವವಳು, ಅದರಿಂದ ಬಹಳ ಕೀಳರಿಮೆ. ಈ ಮಾರಿಬೆಲ್‌ಗೆ ಇಂಟರ್ನೆಟ್ಟಿನಲ್ಲಿ ಹೆಕ್ಟರ್ ಅನ್ನುವ ಆರ್ಕಿಟೆಕ್ಟ್ ಪರಿಚಯ, ಅವನೂ ಶ್ರೀಮಂತ. 2004ರ ಕಥೆ ನೆನಪಿಡಿ, ಚಾಟಿಂಗ್ ಅಂದರೆ ಆಗ ದೊಡ್ಡ ರೋಮಾಂಚನ. ಹೆಕ್ಟರ್ ಬರುವಾಗ ಅವನ ಗೆಳೆಯ ಡಾಕ್ಟರ್ ಅಲೆಹಾಂದ್ರೊ ಕೂಡ ಬರುತ್ತಾನೆ. ರುಬಿ ಅಲೆಹಾಂದ್ರೊನನ್ನು ಪ್ರೀತಿಸುತ್ತಾಳೆ. ನಿಜವಾಗಿಯೇ ಪ್ರೀತಿಸುತ್ತಾಳೆ, ಅದರಲ್ಲಿ ನಾಟಕ ಇಲ್ಲ. ಆದರೆ ಅವನು ಶ್ರೀಮಂತ ಅಂದುಕೊಂಡಿರುತ್ತಾಳೆ. ಅವನ ಹತ್ತಿರ ದುಡ್ಡಿಲ್ಲ ಅಂತ ಗೊತ್ತಾದ ಮೇಲೆ ಅವಳ ಕಣ್ಣು ಹೋಗುವುದು ಗೆಳತಿಯ ಹೆಕ್ಟರ್ ಮೇಲೆ. ಮಾರಿಬೆಲ್ ಮದುವೆ ಸೀರೆ, ಅಲ್ಲಲ್ಲ, ಮದುವೆ ಗೌನು ಹಾಕಿಕೊಂಡು ಕಾಯುತ್ತಿರಬೇಕಾದ ಹೊತ್ತಿಗೆ ಮದುಮಗ ರುಬಿಯ ಜೊತೆ ಪರಾರಿ.

ಇಷ್ಟು ಹೇಳಿದರೆ ಮಾಮೂಲಿ ತ್ರಿಕೋನ ಪ್ರೇಮ ಅನ್ನಿಸಬಹುದು. ನನಗೆ ಹಿಡಿಸಿದ್ದು ಅದಲ್ಲ. ಇಡೀ ಧಾರಾವಾಹಿಯ ನಾಯಕಿ ಮಾರಿಬೆಲ್ ಅಲ್ಲ, ರುಬಿ. ಟೈಟಲ್ ಅವಳದ್ದು, ಕ್ಯಾಮೆರಾ ಅವಳ ಹಿಂದೆ, ಕೊನೆಗೆ ಟೈಟಲ್ ಹಾಡು ಕೂಡ ಅವಳ ಮೇಲೆಯೇ. ರೆಯ್ಲಿ ಹಾಡಿದ 'ಲಾ ದೆಸ್ಕರಾದಾ', ಅಂದರೆ ನಾಚಿಕೆಗೆಟ್ಟವಳು ಅಂತ. ದಿನಾ ಶುರುವಿನಲ್ಲೇ ನಾಯಕಿಗೆ ಬೈಗುಳ!

ನಮ್ಮಲ್ಲಿ ಇಂಥವಳನ್ನು ಏನು ಮಾಡುತ್ತಾರೆ ಗೊತ್ತಲ್ಲ. ಹಿಂದಿ ಧಾರಾವಾಹಿ 'ಕಸೌಟಿ ಜಿಂದಗಿ ಕೇ'ಯ ಕೊಮೊಲಿಕಾ ನೆನಪಿದೆಯಾ, ಊರ್ವಶಿ ಧೋಲಾಕಿಯಾ ಮಾಡಿದ್ದು? ಕನ್ನಡದವರೂ ಬಾಯಿ ಬಿಟ್ಟುಕೊಂಡು ನೋಡಿದವರೇ. ದೊಡ್ಡ ಬಿಂದಿ, ವಾರೆ ನೋಟ, ಅವಳು ಬಂದರೆ ಹಿನ್ನೆಲೆಯಲ್ಲಿ ಅವಳದೇ ಸಂಗೀತ. ಎಲ್ಲರಿಗೂ ಇಷ್ಟವಾದದ್ದು ಅವಳೇ, ಆದರೂ ಅವಳು ಪಕ್ಕದಲ್ಲಿ ನಿಲ್ಲಬೇಕು, ಮಧ್ಯದಲ್ಲಿ ಅಳುವವಳು ಕೂರಬೇಕು. ಕೆಟ್ಟವಳು ಯಾಕೆ ಕೆಟ್ಟವಳಾದಳು ಅಂತ ಕೇಳುವ ತಾಳ್ಮೆ ನಮ್ಮ ಧಾರಾವಾಹಿಗಳಿಗೆ ಇಲ್ಲ. ಹುಟ್ಟುವಾಗಲೇ ಹುಬ್ಬು ಏರಿಸಿಕೊಂಡು ಹುಟ್ಟಿದ್ದಾಳೆ ಅನ್ನುವ ಹಾಗೆ ತೋರಿಸಿಬಿಡುತ್ತಾರೆ. ರುಬಿಗೆ ಮಾತ್ರ ಕಾರಣ ಇದೆ. ಆ ಕಾರಣ ಮುಂಬೈಯಲ್ಲಿ ಇರುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಆಫೀಸು ಲೋವರ್ ಪರೇಲ್‌ನಲ್ಲಿ. ಡೊಂಬಿವಲಿಯಿಂದ ಬಂದು ಕರೀ ರೋಡಿನಲ್ಲಿ ಇಳಿದು, ಸೇತುವೆ ದಾಟಿ ನಡೆದುಕೊಂಡು ಹೋಗುತ್ತೇನೆ. ಆ ಕಡೆ ನೋಡಿದರೆ ಗಾಜಿನ ಟವರುಗಳು, ಮಿಲ್ ಇದ್ದ ಜಾಗದಲ್ಲಿ ಎದ್ದವು. ಈ ಕಡೆ ಸಣ್ಣ ಸಣ್ಣ ರೂಮುಗಳ ವಠಾರದಂಥ ಚಾಳ್‌ಗಳು, ಕಂಬಿಯ ಮೇಲೆ ಒಣಗಲು ಹಾಕಿದ ಬಟ್ಟೆ, ಬಾಗಿಲ ಹೊರಗೆ ಬಕೆಟ್. ಅಲ್ಲೇ ಮುಂದಿರುವ, ಬ್ರಿಟಿಷರ ಕಾಲದ ಹಳೆಯ ಬಿಡಿಡಿ ಚಾಳ್‌ನಲ್ಲಿ ಒಂದು ರೂಮು ಅಂದರೆ 160 ಚದರ ಅಡಿ. ಅಷ್ಟರಲ್ಲಿ ಒಂದು ಇಡೀ ಸಂಸಾರ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಎದುರಿಗೆ ಮೂವತ್ತು ನಲವತ್ತು ಮಹಡಿ ಮೇಲಿನ ಯಾರದೋ ಬಾಲ್ಕನಿ. ದಿನಾ ಅದನ್ನೇ ನೋಡಿಕೊಂಡು ಬೆಳೆದ ಹುಡುಗಿಗೆ ಆಸೆ ಆಗಬಾರದು ಅಂದರೆ ಹೇಗೆ?

ನಮ್ಮ ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದು ಲಾಲ್‌ಬಾಗ್‌ನ ಒಂದು ಚಾಳ್‌ನಲ್ಲಿ ಸಂಸಾರ ಮಾಡಿದವರು. ಅವರ ಮಗಳು, ನನಗೆ ಅಕ್ಕ ಆಗಬೇಕು, ಕಾಲೇಜಿನ ಗೆಳತಿಯರು ಕಾರಿನಲ್ಲಿ ಬಿಡುತ್ತೇವೆ ಅಂದರೆ ಭಾರತ್ ಮಾತಾ ಟಾಕೀಸಿನ ಹತ್ತಿರವೇ ಇಳಿದುಬಿಡುತ್ತಿದ್ದಳು. ಮನೆಯವರೆಗೆ ಬರಲು ಬಿಡುತ್ತಿರಲಿಲ್ಲ. "ಇಲ್ಲೇ ಸಾಕು, ಒಳಗೆ ಗಾಡಿ ಹೋಗಲ್ಲ" ಅನ್ನುವುದು. ಗಾಡಿ ಆರಾಮಾಗಿ ಹೋಗುತ್ತಿತ್ತು. ಕಾರು ತಿರುವು ದಾಟಿ ಮರೆಯಾಗುವವರೆಗೆ ಟಾಕೀಸಿನ ಪೋಸ್ಟರ್ ನೋಡುವ ಹಾಗೆ ನಿಂತಿದ್ದು, ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದಷ್ಟು ಬೇಗ ಬೇಗ ನಡೆದು ಬರುತ್ತಿದ್ದಳು. ಅವಳು ಯಾರ ಗಂಡನನ್ನೂ ಕಸಿದುಕೊಳ್ಳಲಿಲ್ಲ, ಬ್ಯಾಂಕ್ ಪರೀಕ್ಷೆ ಬರೆದು ಪಾಸಾಗಿ ಈಗ ಠಾಣೆಯಲ್ಲಿ ಸ್ವಂತ ಫ್ಲ್ಯಾಟಿನಲ್ಲಿ ಇದ್ದಾಳೆ. ಆದರೆ ರುಬಿ ತನ್ನ ಮನೆಯ ಬಗ್ಗೆ ನಾಚುವುದನ್ನು, ಅಮ್ಮನ ಮೇಲೆ ಸಿಡುಕುವುದನ್ನು ನೋಡಿದಾಗ ನನಗೆ ಇವಳೇ ಕಣ್ಣ ಮುಂದೆ ಬಂದಳು. ಎಲ್ಲರ ಮನೆಯಲ್ಲೂ ಒಬ್ಬಳು ಅರ್ಧ ರುಬಿ ಇದ್ದೇ ಇರುತ್ತಾಳೆ, ಅಲ್ವಾ?

ಈಗ ಪಾತ್ರ ಮಾಡಿದವರ ವಿಷಯಕ್ಕೆ ಬರುತ್ತೇನೆ. ಬಾರ್ಬರಾ ಮೋರಿ ಹುಟ್ಟಿದ್ದು ಮೆಕ್ಸಿಕೋದಲ್ಲಿ ಅಲ್ಲ, ಉರುಗ್ವೆಯ ಮೊಂತೆವಿದಿಯೊದಲ್ಲಿ, 1978ರಲ್ಲಿ. ಮೋರಿ ಅನ್ನುವ ಹೆಸರು ಜಪಾನಿನದ್ದು, ಅವರ ವಂಶದಲ್ಲಿ ಜಪಾನಿನ ರಕ್ತ ಇದೆ. 'ರುಬಿ' ಮಾಡುವಾಗ ಇಪ್ಪತ್ತಾರು. ಅವಳ ಸೌಂದರ್ಯದ ಬಗ್ಗೆ ಬರೆಯುವುದು ಸುಮ್ನೆ ದಂಡ, ಯಾರು ಬೇಕಾದರೂ ನೋಡಬಹುದು. ನಾನು ಹೇಳಬೇಕು ಅಂದುಕೊಂಡದ್ದು ಅವಳು ಸುಳ್ಳು ಹೇಳುವ ರೀತಿ. ಮೆಕ್ಸಿಕೋ ಧಾರಾವಾಹಿಗಳಲ್ಲಿ ಸುಳ್ಳು ಹೇಳುವವರು ಕ್ಯಾಮೆರಾ ಕಡೆ ತಿರುಗಿ, ಮನಸ್ಸಿನಲ್ಲಿ ಇರುವುದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡು, ಒಂದು ಕೇಡಿನ ನಗು ನಕ್ಕು ಹೋಗುವುದು ಪದ್ಧತಿ. ನಮ್ಮದೂ ಅದೇ ಪದ್ಧತಿ. ಮೋರಿ ಅದನ್ನೂ ಮಾಡುತ್ತಾಳೆ, ಪಾತ್ರ ಹಾಗಿದೆ, ಮಾಡಲೇಬೇಕು. ಆದರೆ ಮಾರಿಬೆಲ್ ಜೊತೆಗಿನ ದೃಶ್ಯಗಳಲ್ಲಿ ಅವಳು ಬೇರೆಯೇ. ಗೆಳತಿಯನ್ನು ತಬ್ಬಿಕೊಂಡು ಸಮಾಧಾನ ಮಾಡುವಾಗ ಆ ಪ್ರೀತಿ ನಿಜ ಅನ್ನಿಸುತ್ತದೆ. ತಬ್ಬಿಕೊಂಡಿರುವಾಗಲೇ ಕಣ್ಣು ಮಾತ್ರ ರೂಮಿನ ಸುತ್ತ ಹೋಗಿ ಸೋಫಾ, ಪರದೆ, ಮೆಟ್ಟಿಲು ಎಲ್ಲವನ್ನೂ ಲೆಕ್ಕ ಹಾಕಿ ವಾಪಸ್ ಬರುತ್ತದೆ. ಎರಡೂ ಒಟ್ಟಿಗೆ. ಇಷ್ಟವೂ ಇದೆ, ಹೊಟ್ಟೆಕಿಚ್ಚೂ ಇದೆ, ಯಾವುದು ಎಷ್ಟು ಅಂತ ಅವಳಿಗೇ ಗೊತ್ತಿಲ್ಲ.

ಮಾರಿಬೆಲ್ ಆಗಿ ಜಾಕ್ವೆಲಿನ್ ಬ್ರಾಕಾಮೊಂತೆಸ್. ಇವಳು 2001ರ ಮಿಸ್ ಯೂನಿವರ್ಸ್ ಸ್ಪರ್ಧೆಗೆ ಮೆಕ್ಸಿಕೋದಿಂದ ಹೋದವಳು. ಅಂದರೆ ಸೌಂದರ್ಯ ಸ್ಪರ್ಧೆಯ ಹುಡುಗಿಗೆ ಕೀಳರಿಮೆಯ ಹುಡುಗಿಯ ಪಾತ್ರ, ಅವಳ ಎದುರು ಎಲ್ಲರೂ ತಿರುಗಿ ನೋಡುವ ಸುಂದರಿಯಾಗಿ ಮೋರಿ. ಮೊದಲಿಗೆ ಸ್ವಲ್ಪ ಅಳುಮುಂಜಿ ಅನ್ನಿಸಿದಳು, ನಿಜ ಹೇಳಬೇಕೆಂದರೆ ಮುಂದಕ್ಕೆ ಓಡಿಸಿದ ದೃಶ್ಯಗಳೂ ಇವೆ. ಆದರೆ ಮದುವೆ ಮುರಿದ ಮೇಲೆ ಅವಳು ಗಟ್ಟಿಯಾಗುತ್ತಾಳೆ, ಆಗ ನೋಡಲು ಖುಷಿ.

ಗಂಡಸರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲೆಹಾಂದ್ರೊ ಆಗಿ ಎದುವಾರ್ದೊ ಸಾಂತಾಮರಿನಾ, ಹೆಕ್ಟರ್ ಆಗಿ ಸೆಬಾಸ್ಟಿಯನ್ ರುಲ್ಲಿ. ರುಲ್ಲಿ ಅರ್ಜೆಂಟೀನಾದವನು. ಮೊದಲ ಕಂತುಗಳಲ್ಲಿ ಒಳ್ಳೆಯ ಹುಡುಗ, ಮದುವೆಯಾದ ಮೇಲೆ ಅನುಮಾನದ ಪಿಶಾಚಿ. ಸ್ನೇಹಿತನಿಗೂ ಮೋಸ ಮಾಡಿ, ಮಾರಿಬೆಲ್‌ಗೂ ಮೋಸ ಮಾಡಿ ತಂದುಕೊಂಡ ಹೆಂಡತಿ, ಇನ್ನೊಬ್ಬನ ಜೊತೆ ಹೋಗುವುದಿಲ್ಲ ಅಂತ ಏನು ಗ್ಯಾರಂಟಿ? ಆ ಭಯ ಅವನನ್ನು ತಿಂದುಹಾಕುತ್ತದೆ. ರುಲ್ಲಿ ಅದನ್ನು ಚೆನ್ನಾಗಿ ಮಾಡಿದ್ದಾನೆ. ಸಾಂತಾಮರಿನಾ ಗಂಭೀರವಾಗಿ ನಿಲ್ಲುತ್ತಾನೆ, ಅಷ್ಟೇ. ರುಬಿ ಬಿಟ್ಟುಹೋದ ಮೇಲೆ ಅವನೇ ಹೆಸರು ಮಾಡಿ ದುಡ್ಡೂ ಮಾಡುವುದು ಕಥೆಯ ಒಳ್ಳೆಯ ಏಟು, ಅದಕ್ಕೆ ಕ್ರೆಡಿಟ್ ಬರೆದವರಿಗೆ.

ಅಮ್ಮ ರೆಫುಹಿಯೊ ಪಾತ್ರದ ಅನಾ ಮಾರ್ಟಿನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ದೊಡ್ಡ ನಟಿ. ಎಂಬತ್ತರ ದಶಕದಲ್ಲಿ 'ಎಲ್ ಪೆಕಾದೊ ದೆ ಒಯುಕಿ' ಅನ್ನುವ ಧಾರಾವಾಹಿಯಲ್ಲಿ ಜಪಾನಿ ಹೆಂಗಸಿನ ಪಾತ್ರ ಮಾಡಿ ಮನೆಮಾತಾಗಿದ್ದವಳು. ತಮಾಷೆ ಏನೆಂದರೆ ಅದನ್ನೂ ರುಬಿಯನ್ನೂ ಹುಟ್ಟಿಸಿದ ಕೈ ಒಂದೇ: ಯೊಲಾಂಡಾ ವರ್ಗಾಸ್ ದುಲ್ಚೆ. ಈಕೆ ಮೆಕ್ಸಿಕೋದಲ್ಲಿ ಕಾಮಿಕ್ಸ್ ಬರೆದು ಹೆಸರಾದವಳು. 'ಮೆಮಿನ್ ಪಿಂಗುಯಿನ್' ಕೂಡ ಈಕೆಯದ್ದೇ. ರುಬಿ ಅರವತ್ತರ ದಶಕದಲ್ಲಿ ವಾರಪತ್ರಿಕೆಯ ಚಿತ್ರಕಥೆಯಾಗಿ ಬಂದವಳು. 1968ರಲ್ಲೇ ಒಮ್ಮೆ ಧಾರಾವಾಹಿ ಆದಳು, ಫ್ಯಾನಿ ಕಾನೊ ನಾಯಕಿ. ಆಮೇಲೆ ಸಿನಿಮಾ. ಅಂದರೆ 2004ರಲ್ಲಿ ನೋಡಿದವರಲ್ಲಿ ಎಷ್ಟೋ ಜನಕ್ಕೆ, ಅವರ ಅಮ್ಮಂದಿರಿಗಂತೂ, ಕಥೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನೋಡಿದರು.

ನಮ್ಮ ಮನೆಯಲ್ಲೂ ಇದು ಬರೀ ನನ್ನ ಹುಚ್ಚಾಗಿ ಉಳಿಯಲಿಲ್ಲ. ರಾತ್ರಿ ನಾನು ನೋಡುತ್ತಿದ್ದರೆ ಅತ್ತೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಭಾಷೆ ಬಾರದು, ಸಬ್‌ಟೈಟಲ್ ಇಂಗ್ಲಿಷು, ಅದೂ ಅವರ ಕಣ್ಣಿಗೆ ಕಾಣುವುದಿಲ್ಲ. ಆದರೂ ಎಲ್ಲ ಅರ್ಥವಾಗುತ್ತಿತ್ತು. ರುಬಿ ಪರದೆಯ ಮೇಲೆ ಬಂದರೆ ಸಾಕು, "ಬಂದಳು ನೋಡು ಮನೆಮುರುಕಿ" ಅನ್ನುವರು. ಮಾರಿಬೆಲ್ ಅತ್ತರೆ, "ಇವಳಿಗೂ ಬುದ್ಧಿ ಇಲ್ಲ, ಯಾರನ್ನಾದರೂ ಇಷ್ಟು ನಂಬುತ್ತಾರಾ" ಅಂತ ಅವಳಿಗೂ ಬೈಗುಳ. ಒಂದು ದಿನ ನಾನು ಅವರನ್ನು ಬಿಟ್ಟು ರೈಲಿನಲ್ಲೇ ಕಂತು ನೋಡಿಕೊಂಡು ಬಂದೆ ಅಂತ ಗೊತ್ತಾಗಿ ಊಟದ ತನಕ ಮಾತಾಡಲಿಲ್ಲ. ಅವರಿಗೆ ಹಿಡಿಸಿದ್ದು ಅಮ್ಮನ ಪಾತ್ರವೇ. ಮಗಳು ತಪ್ಪು ಮಾಡುತ್ತಿದ್ದಾಳೆ ಅಂತ ಗೊತ್ತಿದೆ, ಬೈಯುತ್ತಾಳೆ, ಬಾಗಿಲು ಹಾಕುತ್ತಾಳೆ, ಬಾಗಿಲ ಹಿಂದೆ ನಿಂತು ಅಳುತ್ತಾಳೆ. ಅನಾ ಮಾರ್ಟಿನ್ ಅಳುವಾಗ ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡಿದ್ದನ್ನು ನಾನು ನೋಡಿದೆ, ಕೇಳಿದ್ದಕ್ಕೆ ಕೆಮ್ಮು ಅಂದರು.

ಅಂದಹಾಗೆ, ಮೆಕ್ಸಿಕೋಕ್ಕೂ ನಮ್ಮ ಟೀವಿಗೂ ಇರುವ ನಂಟು ಹಳೆಯದು. 1984ರಲ್ಲಿ ದೂರದರ್ಶನದಲ್ಲಿ ಬಂದ 'ಹಮ್ ಲೋಗ್' ಇದೆಯಲ್ಲ, ಮನೋಹರ್ ಶ್ಯಾಮ್ ಜೋಶಿ ಬರೆದದ್ದು, ಕೊನೆಗೆ ಅಶೋಕ್ ಕುಮಾರ್ ಬಂದು ಕಥೆಯ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದದ್ದು, ಅದರ ಐಡಿಯಾ ಬಂದದ್ದು ಮೆಕ್ಸಿಕೋದಿಂದ. ಅಲ್ಲಿ ಮಿಗೆಲ್ ಸಾಬಿದೊ ಅನ್ನುವವರು ಎಪ್ಪತ್ತರ ದಶಕದಲ್ಲಿ ಕುಟುಂಬ ಯೋಜನೆ, ವಯಸ್ಕರ ಶಿಕ್ಷಣದಂಥ ವಿಷಯಗಳನ್ನು ಧಾರಾವಾಹಿಯಲ್ಲಿ ಸೇರಿಸಿ ಗೆದ್ದಿದ್ದರು. ಅದನ್ನು ಕೇಳಿಕೊಂಡು ಬಂದು ನಮ್ಮವರೂ ಮಾಡಿದರು. ನೂರೈವತ್ತು ಚಿಲ್ಲರೆ ಕಂತಿಗೆ ನಿಲ್ಲಿಸಿದರು ಕೂಡ. ಆ ಒಂದು ಒಳ್ಳೆಯ ಅಭ್ಯಾಸವನ್ನು ಆಮೇಲೆ ಬಂದವರು ಬಿಟ್ಟುಬಿಟ್ಟರು.

ಇನ್ನು ನನ್ನ ಜಗಳ. ಇದು ಕೊನೆಯ ಬಗ್ಗೆ. ನೋಡದೆ ಇರುವವರು, ನೋಡಬೇಕು ಅಂತ ಇರುವವರು ಈ ಪ್ಯಾರಾ ಬಿಟ್ಟುಬಿಡಿ. ಕೊನೆಗೆ ರುಬಿ ಎತ್ತರದಿಂದ ಬಿದ್ದು ಮುಖವೆಲ್ಲ ಗಾಯವಾಗಿ, ಒಂದು ಕಾಲು ಕತ್ತರಿಸಬೇಕಾಗುತ್ತದೆ. ಯಾರ ಕಾಲಿನ ಬಗ್ಗೆ ಒಳಗೊಳಗೇ ಕನಿಕರ ಪಟ್ಟಳೋ ಅವಳ ಸ್ಥಿತಿಯೇ ಇವಳಿಗೆ. ಬರೆದವರು ಇದನ್ನು ದೊಡ್ಡ ನ್ಯಾಯ ಅಂತ ಮೆಚ್ಚಿಕೊಂಡಿರಬೇಕು. ನನಗೆ ಮೈ ಉರಿಯಿತು. ನೂರಕ್ಕೂ ಹೆಚ್ಚು ಕಂತು ಮಾರಿಬೆಲ್ ಮೂಲಕ 'ಕಾಲು ಇಲ್ಲ ಅನ್ನುವುದು ದೊಡ್ಡ ವಿಷಯವಲ್ಲ, ಅದನ್ನು ಇಟ್ಟುಕೊಂಡೇ ಚೆನ್ನಾಗಿ ಬಾಳಬಹುದು' ಅಂತ ತೋರಿಸಿದ್ದಾರೆ. ಕೊನೆಗೆ ಅದನ್ನೇ ತೆಗೆದು ಪಾಪಿಗೆ ಶಿಕ್ಷೆ ಅಂತ ಕೊಟ್ಟರೆ ಏನರ್ಥ? ಹಾಗಾದರೆ ಮಾರಿಬೆಲ್‌ಗೆ ಕಾಲು ಹೋದದ್ದು ಯಾವ ಪಾಪಕ್ಕೆ? ನಮ್ಮಲ್ಲೂ ಪೂರ್ವಜನ್ಮದ ಕರ್ಮ ಅಂತ ಹೇಳಿ ಕೈ ತೊಳೆದುಕೊಳ್ಳುವವರು ಇದ್ದಾರಲ್ಲ, ಅದೇ ಬುದ್ಧಿ ಇದು. ಅತ್ತೆಗೆ ಮಾತ್ರ ಭಾರಿ ಸಮಾಧಾನ. "ಮಾಡಿದ್ದುಣ್ಣೋ ಮಾರಾಯ" ಅಂದು ಎದ್ದು ಮಲಗಲು ಹೋದರು. ಅವರು ಹೋದ ಮೇಲೆ ಇನ್ನೊಂದು ತಿರುವು ಬಂತು. ವರ್ಷಗಳು ಕಳೆದಿವೆ, ರುಬಿ ತನ್ನ ಅಕ್ಕನ ಮಗಳು ಫರ್ನಾಂಡಾಳನ್ನು ತನ್ನ ಹಾಗೇ ತಯಾರು ಮಾಡಿ ಅಲೆಹಾಂದ್ರೊ ಮೇಲೆ ಬಿಡುತ್ತಾಳೆ. ಪಶ್ಚಾತ್ತಾಪ ಇಲ್ಲ, ಕಣ್ಣೀರಿನ ಕ್ಷಮೆ ಇಲ್ಲ. ಇದು ನನಗೆ ಇಷ್ಟವಾಯಿತು. ಅವಳನ್ನು ಎಷ್ಟು ಶಿಕ್ಷಿಸಿದರೂ ಬಗ್ಗಿಸಲು ಆಗಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಅತ್ತೆಗೆ ಹೇಳಿದೆ. "ಹಂಗಾದರೆ ಇನ್ನೂ ಮುಗಿದಿಲ್ವಾ?" ಅಂತ ಗಾಬರಿಯಾದರು.

2020ರಲ್ಲಿ ಇದನ್ನೇ ಹೊಸದಾಗಿ ಮಾಡಿದ್ದಾರೆ, ಮೂವತ್ತಕ್ಕಿಂತ ಕಮ್ಮಿ ಕಂತು. ಕ್ಯಾಮಿಲಾ ಸೋದಿ ರುಬಿ, ಹೋಸೆ ರೋನ್ ಅಲೆಹಾಂದ್ರೊ, ಕಿಂಬರ್ಲಿ ದೋಸ್ ರಾಮೋಸ್ ಮಾರಿಬೆಲ್. ಈ ಕ್ಯಾಮಿಲಾ 'ಮರಿಮಾರ್' ಧಾರಾವಾಹಿಯ ಖ್ಯಾತಿಯ ನಟಿ ತಾಲಿಯಾಳ ಅಕ್ಕನ ಮಗಳು. ಫೋಟೋಗ್ರಫಿ ಚೆಂದ, ಬಟ್ಟೆ ಚೆಂದ, ಮನೆಗಳಂತೂ ಇನ್ನೂ ಚೆಂದ. ಆದರೆ ಬಡತನವೇ ಕಾಣುವುದಿಲ್ಲ. ರುಬಿಗೆ ಯಾಕೆ ಅಷ್ಟು ಹಸಿವು ಅಂತ ತಿಳಿಯದೆ ಹೋದರೆ ಅವಳು ಬರೀ ಒಬ್ಬಳು ಸುಂದರವಾದ ಕೆಟ್ಟ ಹೆಂಗಸು. ಎರಡು ಮೂರು ಕಂತು ನೋಡಿ ಬಿಟ್ಟೆ.

ಬಾರ್ಬರಾ ಮೋರಿ 'ರುಬಿ' ಆದ ಮೇಲೆ ಇಂಥ ಧಾರಾವಾಹಿಗಳನ್ನು ಬಿಟ್ಟು ಸಿನಿಮಾ ಕಡೆ ಹೋದಳು. ಹಾಗೆ ಹೋದದ್ದಕ್ಕೇ ಮುಂಬೈಗೂ ಬಂದಳು ಅನ್ನಿ. 'ಕೈಟ್ಸ್' ಇನ್ನೊಮ್ಮೆ ನೋಡಿದೆ. ಅಲ್ಲಿ ಅವಳಿಗೆ ಮಾಡಲು ಏನೂ ಇಲ್ಲ. ಓಡಬೇಕು, ನಗಬೇಕು, ಹೃತಿಕ್ ಕಡೆ ನೋಡಬೇಕು. ಇಡೀ ದೇಶವನ್ನು ಐದು ತಿಂಗಳು ಕೂರಿಸಿಕೊಂಡು ಆಡಿಸಿದವಳನ್ನು ಕರೆದುಕೊಂಡು ಬಂದು ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿದರು.

ಈಗ ನಾನೂ ಅತ್ತೆಯೂ 'ತೆರೇಸಾ' ಶುರು ಮಾಡಿದ್ದೇವೆ. 2010ರದ್ದು, ಅದೇ ನಿರ್ಮಾಪಕ, ಹೋಸೆ ಆಲ್ಬರ್ಟೊ ಕಾಸ್ತ್ರೊ. ಅದರಲ್ಲೂ ಬಡವರ ವಠಾರದ ಹುಡುಗಿ, ಅವಳಿಗೂ ದೊಡ್ಡ ಮನೆಯ ಆಸೆ. ನಾಯಕಿ ಆಂಜೆಲಿಕ್ ಬೊಯೆರ್. ಅವಳ ಬಲೆಗೆ ಬೀಳುವ ಶ್ರೀಮಂತ ಯಾರು ಅಂತ ನೋಡಿದರೆ ಮತ್ತದೇ ಸೆಬಾಸ್ಟಿಯನ್ ರುಲ್ಲಿ. ಅವನು ಬಂದ ತಕ್ಷಣ ಅತ್ತೆ, "ಅಯ್ಯೋ ಪಾಪ, ಇವನಿಗೆ ಇನ್ನೂ ಬುದ್ಧಿ ಬಂದಿಲ್ವಾ" ಅಂದರು.